ಓಟಕ್ಕಿಂತ ಮೊದಲು ಅಂಗಾಲು ನೋಡಿ: ಎನ್‌ಡಿಎ ಕನಸಿನ ಮಕ್ಕಳಿಗೆ ದೈಹಿಕ ಸಿದ್ಧತೆಯ ಸಮಗ್ರ ಮಾರ್ಗದರ್ಶಿ

ಹೋದ ಜೂನ್‌ನಲ್ಲಿ ಒಬ್ಬ ಹುಡುಗ ಮನೆಗೆ ಬಂದ. ಅಪ್ಪ ಸಿಂದಗಿ ಕಡೆಯ ಗೌಂಡಿ, ಪುಣೆಯ ವಾರ್ಜೆಯಲ್ಲಿ ಇಪ್ಪತ್ತು ವರ್ಷದಿಂದ ಕಟ್ಟಡದ ಕೆಲಸ ಮಾಡಿಕೊಂಡಿದ್ದಾರೆ. ಹುಡುಗ ಹನ್ನೊಂದನೇ ಕ್ಲಾಸು. "ಕಾಕಾ, ನಾ ಎನ್‌ಡಿಎಗೆ ತಯಾರಿ ಮಾಡಾಕತ್ತೀನ್ರಿ. ಹದಿನಾರುನೂರು ಮೀಟರ್ ಆರು ನಿಮಿಷದಾಗ ಓಡ್ತೀನಿ" ಅಂದ. ಎನ್‌ಡಿಎ ಎಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಸೇನೆಯ ಅಧಿಕಾರಿಗಳಾಗುವವರಿಗೆ ಪುಣೆ ಬಳಿಯ ಖಡಕವಾಸ್ಲಾದಲ್ಲಿ ತರಬೇತಿ ಕೊಡುವ ಸಂಸ್ಥೆ. ಓಡಿ ತೋರಿಸು ಎಂದು ನಾನು ಹೇಳಲಿಲ್ಲ. ಬಚ್ಚಲಿಗೆ ಕರೆದುಕೊಂಡು ಹೋಗಿ ಎರಡೂ ಪಾದ ನೀರಲ್ಲಿ ಅದ್ದಿಸಿ, ಅಂಗಳದ ಒಣ ಶಹಾಬಾದ್ ಕಲ್ಲಿನ ಮೇಲೆ ನಿಲ್ಲಿಸಿದೆ. ಅವನು ಪಕ್ಕಕ್ಕೆ ಸರಿದಾಗ ಕಲ್ಲಿನ ಮೇಲೆ ಇಡೀ ಪಾದ ಮೂಡಿತ್ತು. ಹಿಮ್ಮಡಿಯಿಂದ ಬೆರಳಿನವರೆಗೆ ಎಲ್ಲೂ ಕಮಾನಿನ ತೆರಪಿಲ್ಲ, ಒಂದು ರೊಟ್ಟಿ ತಟ್ಟಿಟ್ಟಂತೆ.

ಚಪ್ಪಟೆ ಪಾದ ಎಂಬ ಮಾತನ್ನು ಅವನು ಅಲ್ಲಿಯವರೆಗೆ ಕೇಳಿರಲಿಲ್ಲ. ಮುಖ ಬಾಡಿತು. "ಈಗ ತುದಿಗಾಲ ಮೇಲೆ ನಿಲ್ಲು" ಅಂದೆ. ನಿಂತ. ಹಿಮ್ಮಡಿ ಎದ್ದ ಕೂಡಲೇ ಅಂಗಾಲಿನ ಕಮಾನು ಎದ್ದು ಕಂಡಿತು. ತುದಿಗಾಲ ಮೇಲೆ ಕುಪ್ಪಳಿಸಲು ಹೇಳಿದೆ. ನೋವಿಲ್ಲದೆ ಕುಪ್ಪಳಿಸಿದ. ನಿಂತಾಗ ಕಮಾನು ಇಲ್ಲದಿದ್ದರೂ ತುದಿಗಾಲಲ್ಲಿ ಅದು ಮೂಡಿದರೆ, ಪಾದ ಮೆತ್ತಗೆ ಬಾಗುತ್ತಿದ್ದರೆ, ನೋವಿಲ್ಲದೆ ಓಡಿ ಜಿಗಿಯಲು ಬಂದರೆ ಅಂಥವರನ್ನು ತೆಗೆದುಕೊಳ್ಳಬಹುದು ಎಂದು ವೈದ್ಯಕೀಯ ನಿಯಮವೇ ಹೇಳುತ್ತದೆ. ಕಮಾನು ಮೂಡದ, ಬಿಗಿಯಾದ ಪಾದವಾದರೆ ಕಥೆ ಬೇರೆ. ಇವನಿಗೆ ತೊಂದರೆಯಿಲ್ಲ ಎಂದು ಗೊತ್ತಾಗಲು ಎರಡು ನಿಮಿಷ ಸಾಕಾಯಿತು. ಗೊತ್ತಿಲ್ಲದೆ ಅವನು ಓಡಿದ್ದು ಒಂದು ವರ್ಷ.

ಪುಣೆಯಲ್ಲಿ ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿದ್ದೆ. ನಮ್ಮ ಕನ್ನಡದ ಮಕ್ಕಳು, ವಿಜಯಪುರ ಕಲಬುರಗಿಯಿಂದ ದುಡಿಯಲು ಬಂದವರ ಮಕ್ಕಳು, ಉಡುಪಿ ಹೋಟೆಲಿನವರ ಮಕ್ಕಳು, ಈಗ ಹಿಂಜವಡಿಯ ಸಾಫ್ಟ್‌ವೇರ್‌ನವರ ಮಕ್ಕಳು, ಎಲ್ಲರೂ ಮಾಡುವ ತಪ್ಪು ಒಂದೇ. ಮೊದಲು ಓಡುತ್ತಾರೆ, ಆಮೇಲೆ ಪರೀಕ್ಷೆ ಬರೆಯುತ್ತಾರೆ, ಸಂದರ್ಶನ ಗೆಲ್ಲುತ್ತಾರೆ, ಕಟ್ಟಕಡೆಗೆ ಡಾಕ್ಟರ ಮುಂದೆ ನಿಂತಾಗ ತಮ್ಮ ಮೈಯಲ್ಲಿ ಏನಿದೆ ಎಂದು ತಿಳಿಯುತ್ತದೆ. ಈ ಕ್ರಮವನ್ನು ತಿರುಗಿಸಬೇಕು. ಅದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಯಾವ ಓಟ, ಎಷ್ಟು ಓಟ

ಹದಿನಾರುನೂರು ಮೀಟರ್ ಓಟ ಸೈನಿಕರನ್ನು ತೆಗೆದುಕೊಳ್ಳುವ ಅಗ್ನಿವೀರ್ ಭರ್ತಿಯದು. ಎನ್‌ಡಿಎ ಆಯ್ಕೆಯಲ್ಲಿ ಸಮಯ ಹಿಡಿದು ಓಡಿಸುವ ಪ್ರತ್ಯೇಕ ಪರೀಕ್ಷೆ ಇಲ್ಲ. ಕೇಂದ್ರ ಲೋಕಸೇವಾ ಆಯೋಗದ, ಅಂದರೆ ಯುಪಿಎಸ್‌ಸಿಯ ಲಿಖಿತ ಪರೀಕ್ಷೆಗೆ 900 ಅಂಕ, ಸೇನೆಯ ಸೇವಾ ಆಯ್ಕೆ ಮಂಡಳಿ, ಅಂದರೆ ಎಸ್‌ಎಸ್‌ಬಿ ನಡೆಸುವ ಸಂದರ್ಶನಕ್ಕೆ 900 ಅಂಕ, ಅಲ್ಲಿ ಶಿಫಾರಸಾದವರಿಗೆ ವೈದ್ಯಕೀಯ ಮಂಡಳಿ. ಹಾಗಾದರೆ ಮೈಯ ಪರೀಕ್ಷೆ ಎಲ್ಲಿ? ಮೂರು ಕಡೆ. ಎಸ್‌ಎಸ್‌ಬಿ ಮೈದಾನದ ಅಡೆತಡೆಗಳಲ್ಲಿ, ವೈದ್ಯಕೀಯ ಮಂಡಳಿಯ ಕೋಣೆಯಲ್ಲಿ, ಆಮೇಲೆ ಖಡಕವಾಸ್ಲಾದ ಮೂರು ವರ್ಷದಲ್ಲಿ.

ಆದರೂ ಯುಪಿಎಸ್‌ಸಿ ಅಧಿಸೂಚನೆ ಅಭ್ಯರ್ಥಿಗಳಿಗೆ ಒಂದು ಸಲಹೆ ಕೊಡುತ್ತ ಬಂದಿದೆ: 2.4 ಕಿಲೋಮೀಟರ್ 15 ನಿಮಿಷದಲ್ಲಿ ಓಡಿ, ಸ್ಕಿಪ್ಪಿಂಗ್ ಮಾಡಿ, ಪುಷ್‌ಅಪ್ ಮತ್ತು ಸಿಟ್‌ಅಪ್ ಕನಿಷ್ಠ 20-20, ಚಿನ್‌ಅಪ್ ಕನಿಷ್ಠ 8, ಹಗ್ಗ ಹತ್ತುವುದು 3ರಿಂದ 4 ಮೀಟರ್. ಇದು ಹೊಸಿಲು ಮಾತ್ರ. ಸೇನೆಯ ತಾಂತ್ರಿಕ ಪ್ರವೇಶಗಳ ಪ್ರಕಟಣೆಗಳು ಗಂಡುಮಕ್ಕಳಿಂದ 2.4 ಕಿಲೋಮೀಟರನ್ನು 10 ನಿಮಿಷ 30 ಸೆಕೆಂಡಿನಲ್ಲಿ, 40 ಪುಷ್‌ಅಪ್, 6 ಪುಲ್‌ಅಪ್, 30 ಸಿಟ್‌ಅಪ್ ಬಯಸುತ್ತವೆ, ಹೆಣ್ಣುಮಕ್ಕಳಿಂದ 13 ನಿಮಿಷದ ಓಟ, 15 ಪುಷ್‌ಅಪ್. ನಾನು ನನ್ನ ಮಕ್ಕಳಿಗೆ ಗುರಿಯಾಗಿ ಇಡುವುದು ಈ ಎರಡನೆಯ ಪಟ್ಟಿ. ಹದಿನೈದು ನಿಮಿಷದ ಓಟಗಾರನಾಗಿ ತರಬೇತಿಗೆ ಹೋದವನು ಮೊದಲ ತಿಂಗಳೇ ಸುಸ್ತಾಗುತ್ತಾನೆ.

400 ಮೀಟರ್ ಟ್ರ್ಯಾಕಿನಲ್ಲಿ 2.4 ಕಿಲೋಮೀಟರ್ ಎಂದರೆ ಆರು ಸುತ್ತು. ಹದಿನೈದು ನಿಮಿಷಕ್ಕೆ ಸುತ್ತಿಗೆ ಎರಡೂವರೆ ನಿಮಿಷ, ಹದಿಮೂರಕ್ಕೆ 2 ನಿಮಿಷ 10 ಸೆಕೆಂಡ್, ಹತ್ತೂವರೆಗೆ 1 ನಿಮಿಷ 45 ಸೆಕೆಂಡ್. ಈ ಮೂರು ಲೆಕ್ಕ ಬಾಯಿಪಾಠವಾಗಿರಲಿ.

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಸುಪ್ರೀಂ ಕೋರ್ಟಿನ 2021ರ ಆದೇಶದ ನಂತರ ಎನ್‌ಡಿಎ ಬಾಗಿಲು ಹುಡುಗಿಯರಿಗೂ ತೆರೆಯಿತು. 2022ರಲ್ಲಿ ಮೊದಲ ತಂಡ ಖಡಕವಾಸ್ಲಾಕ್ಕೆ ಬಂತು. 2025ರ ಮೇ ತಿಂಗಳಲ್ಲಿ 17 ಹೆಣ್ಣುಮಕ್ಕಳು ತರಬೇತಿ ಮುಗಿಸಿ ಹೊರಬಂದರು. "ಇವಳಿಗೆ ಆಗುತ್ತದೆಯೇ" ಎಂದು ಕೇಳುವವರಿಗೆ ನಾನು ಈ ಸಂಖ್ಯೆ ಹೇಳುತ್ತೇನೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಎನ್‌ಡಿಎಯಲ್ಲಿ ತರಬೇತಿ, ವಸತಿ, ಊಟ, ಸಮವಸ್ತ್ರ, ಪುಸ್ತಕ, ಚಿಕಿತ್ಸೆ ಎಲ್ಲವೂ ಸರಕಾರದ ಖರ್ಚು. ಕೈಖರ್ಚು ಮನೆಯವರದು. ಪೋಷಕರ ಆದಾಯ ಕಡಿಮೆಯಿದ್ದರೆ ಅದಕ್ಕೂ ತಿಂಗಳಿಗೆ 1,000 ರೂಪಾಯಿ ನೆರವಿನ ವ್ಯವಸ್ಥೆಯಿದೆ, ಅರ್ಜಿ ಕೊಡಬೇಕು. ಪುಣೆಯಲ್ಲೇ ಇರುವ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಅಂದರೆ ಎಎಫ್‌ಎಂಸಿ, ನೀಟ್ ಮೂಲಕ ಆಯ್ದವರಿಗೆ ಎಂಬಿಬಿಎಸ್ ಉಚಿತವಾಗಿ ಓದಿಸುತ್ತದೆ, ಬದಲಿಗೆ ಸೇನೆಯಲ್ಲಿ ಸೇವೆಯ ಬಾಂಡ್ ಇರುತ್ತದೆ. ಅಲ್ಲಿಯೂ ವೈದ್ಯಕೀಯ ಪರೀಕ್ಷೆ ದಾಟಲೇಬೇಕು, ಹಾಗಾಗಿ ಮುಂದೆ ಹೇಳುವ ತಪಾಸಣೆ ಅವರಿಗೂ ಸಲ್ಲುತ್ತದೆ.

ಮೊದಲ ಹೆಜ್ಜೆ: ಮೈ ತಪಾಸಣೆ, ಪರೀಕ್ಷೆಗೆ ಒಂದು ವರ್ಷ ಮೊದಲೇ

ಹತ್ತನೇ ಕ್ಲಾಸಿನ ಬೇಸಿಗೆ ರಜೆ ಇದಕ್ಕೆ ಒಳ್ಳೆಯ ಕಾಲ. ಕೋರ್ಸ್ ಶುರುವಾಗುವಾಗ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ನಡುವೆ ಇರಬೇಕು, ಅಷ್ಟರಲ್ಲಿ ಸರಿಪಡಿಸಲು ಸಮಯ ಸಿಗಬೇಕಲ್ಲ.

ಮನೆಯಲ್ಲೇ ನೋಡಬಹುದಾದದ್ದು ಬಹಳ ಇದೆ. ಗೋಡೆಗೆ ಹಿಮ್ಮಡಿ ಒತ್ತಿ ನಿಂತು, ತಲೆಯ ಮೇಲೆ ಪುಸ್ತಕ ಅಡ್ಡ ಹಿಡಿದು ಎತ್ತರ ಅಳೆಯಿರಿ. ಗಂಡುಮಕ್ಕಳಿಗೆ ಕನಿಷ್ಠ 157 ಸೆಂಟಿಮೀಟರ್, ಹೆಣ್ಣುಮಕ್ಕಳಿಗೆ 152. ವಾಯುಪಡೆಯ ಹಾರಾಟ ವಿಭಾಗಕ್ಕೆ 162.5 ಬೇಕು, ಜೊತೆಗೆ ಕುಳಿತಾಗಿನ ಎತ್ತರ, ಕಾಲಿನ ಉದ್ದ, ತೊಡೆಯ ಉದ್ದ ಕೂಡ ಅಳೆಯುತ್ತಾರೆ, ಏಕೆಂದರೆ ಕಾಕ್‌ಪಿಟ್‌ನಲ್ಲಿ ಮೈ ಸರಿಯಾಗಿ ಕೂರಬೇಕು. ಉಸಿರು ಪೂರ್ತಿ ಎಳೆದುಕೊಂಡಾಗ ಎದೆ 5 ಸೆಂಟಿಮೀಟರ್ ಹಿಗ್ಗಬೇಕು. ಟೇಪ್ ಸುತ್ತಿ ನೋಡಿ. ಹಿಗ್ಗದಿದ್ದರೆ ಗಾಬರಿ ಬೇಡ, ಓಟ ಮತ್ತು ಈಜು ಮೂರು ನಾಲ್ಕು ತಿಂಗಳಲ್ಲಿ ಅದನ್ನು ತರುತ್ತವೆ.

ಮೊಣಕಾಲು ಎರಡೂ ಮುಟ್ಟುವಂತೆ ನೇರ ನಿಂತು, ಕಣಕಾಲಿನ ಒಳಗಂಟುಗಳ ನಡುವೆ ಎಷ್ಟು ಅಂತರವಿದೆ ಅಳೆಯಿರಿ. ಗಂಡುಮಕ್ಕಳಿಗೆ 5 ಸೆಂಟಿಮೀಟರ್ ಮೀರಿದರೆ ಮೊಣಕಾಲು ಬಡಿಯುವ ದೋಷ ಎಂದು ಎಣಿಸುತ್ತಾರೆ. ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿದ್ದರೆ, ಕಣಕಾಲು ಜೋಡಿಸಿ ನಿಂತಾಗ ಮೊಣಕಾಲುಗಳ ನಡುವೆ 7 ಸೆಂಟಿಮೀಟರ್ ದಾಟಬಾರದು. ಹೆಚ್ಚು ತೂಕದ ಮಕ್ಕಳಲ್ಲಿ ತೊಡೆಯ ಮಾಂಸ ಅಡ್ಡ ಬಂದು ಕಣಕಾಲುಗಳ ಅಂತರ ದೊಡ್ಡದಾಗಿ ಕಾಣುವುದುಂಟು. ತೂಕ ಇಳಿಸಿ ಮತ್ತೆ ಅಳೆದಾಗ ಸರಿ ಇರುತ್ತದೆ. ಕೈಗಳನ್ನು ಕೆಳಗೆ ಚಾಚಿ ಅಂಗೈ ಮುಂದಕ್ಕೆ ಮಾಡಿದಾಗ ಮೊಣಕೈ ಹೊರಕ್ಕೆ ಬಾಗುವ ಕೋನವನ್ನೂ ನೋಡುತ್ತಾರೆ, ಗಂಡುಮಕ್ಕಳಿಗೆ 15 ಡಿಗ್ರಿ, ಹೆಣ್ಣುಮಕ್ಕಳಿಗೆ 18 ಡಿಗ್ರಿ ದಾಟಿದರೆ ತೊಂದರೆ. ಇದನ್ನು ವ್ಯಾಯಾಮದಿಂದ ತಿದ್ದಲಾಗದು. "ಕೋನ ಕಡಿಮೆ ಮಾಡಿಸುತ್ತೇವೆ" ಎಂದು ದುಡ್ಡು ಕೇಳುವವರನ್ನು ನಂಬಬೇಡಿ.

ಇನ್ನು ಡಾಕ್ಟರ ಬಳಿ. ಮೂಳೆ, ಕಣ್ಣು, ಕಿವಿ-ಮೂಗು-ಗಂಟಲು, ಹಲ್ಲು, ಸಾಮಾನ್ಯ ಶಸ್ತ್ರಚಿಕಿತ್ಸೆ, ಈ ಐವರಿಗೆ ಒಂದೊಂದು ಸಲ ತೋರಿಸಿ. ಸೇನೆಗೆ ಹೋಗಬೇಕೆಂದಿದ್ದೇನೆ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಅವರು ದಿನನಿತ್ಯದ ಬದುಕಿಗೆ ಎಷ್ಟು ಬೇಕೋ ಅಷ್ಟೇ ನೋಡುತ್ತಾರೆ. ಗಂಡುಮಕ್ಕಳು ನಾಚಿಕೆಯಿಂದ ಮುಚ್ಚಿಡುವ ಸಂಗತಿಗಳೇ ಕೊನೆಗೆ ಅಡ್ಡ ಬರುವುದು: ವೃಷಣದ ಬಳಿ ರಕ್ತನಾಳ ಊದಿಕೊಂಡಿರುವುದು, ನೀರು ತುಂಬಿರುವುದು, ಮೂಲವ್ಯಾಧಿ. ಇವೆಲ್ಲ ಸಣ್ಣ ಚಿಕಿತ್ಸೆಯಿಂದ ಹೋಗುವಂಥವು. ಆದರೆ ಆಪರೇಶನ್ ಆದ ಮೇಲೆ ಗಾಯ ಪೂರ್ತಿ ಮಾಗಲು ತಿಂಗಳುಗಳು ಬೇಕು, ಮಂಡಳಿಯವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗ ಎರಡು ವರ್ಷ ನೋವು ನುಂಗಿಕೊಂಡಿದ್ದ. ಅಪ್ಪನಿಗೂ ಹೇಳಿರಲಿಲ್ಲ. ದಯವಿಟ್ಟು ಮನೆಯಲ್ಲಿ ಈ ಮಾತು ಆಡುವ ವಾತಾವರಣ ಇರಲಿ.

ಹಲ್ಲಿಗೆ ಅಂಕ ಇದೆ, ಮೇಲಿನ ಕೆಳಗಿನ ಹಲ್ಲನ್ನು ಜೋಡಿಯಾಗಿ ಎಣಿಸುತ್ತಾರೆ: ದವಡೆ ಹಲ್ಲಿಗೆ ಎರಡು, ಉಳಿದವಕ್ಕೆ ಒಂದೊಂದು, ಪೂರ್ತಿ ಬಾಯಿಗೆ 22. ಕನಿಷ್ಠ 14 ಬೇಕು. ಹುಳುಕು ಹಲ್ಲು ತುಂಬಿಸಿ, ಒಸಡು ಶುಚಿ ಮಾಡಿಸಿ. ಕಿವಿ ಪರೀಕ್ಷೆಯಲ್ಲಿ ಬೆನ್ನು ತಿರುಗಿಸಿ ನಿಂತವನಿಗೆ 610 ಸೆಂಟಿಮೀಟರ್ ದೂರದಿಂದ ಪಿಸುಗುಟ್ಟಿದ್ದು ಒಂದೊಂದು ಕಿವಿಯಲ್ಲೂ ಕೇಳಬೇಕು. ಕಿವಿಯಲ್ಲಿ ಗುಗ್ಗೆ ಕಟ್ಟಿಕೊಂಡು ಪರದೆಯೇ ಕಾಣದೆ ತಾತ್ಕಾಲಿಕ ಅನರ್ಹರಾದವರು ಎಷ್ಟೋ ಮಂದಿ. ಡಾಕ್ಟರಿಂದ ತೆಗೆಸಿ, ಕಡ್ಡಿ ಹಾಕಿ ಕೆರೆದುಕೊಳ್ಳಬೇಡಿ.

ಕಣ್ಣಿನ ವಿಷಯದಲ್ಲಿ ಆತುರದ ಲೇಸಿಕ್, ಅಂದರೆ ಚಷ್ಮಾ ಬಿಡಿಸುವ ಲೇಸರ್ ಆಪರೇಶನ್, ಬೇಡವೇ ಬೇಡ. ಭೂಸೇನೆ ಲೇಸಿಕ್ ಒಪ್ಪುವುದು 20 ವರ್ಷ ತುಂಬಿದ ಮೇಲೆ ಮಾಡಿಸಿಕೊಂಡು, ಕನಿಷ್ಠ 12 ತಿಂಗಳು ಕಳೆದಿದ್ದರೆ ಮಾತ್ರ. ಎನ್‌ಡಿಎಗೆ ಹೋಗುವವರ ವಯಸ್ಸೇ ಅದಕ್ಕಿಂತ ಕಡಿಮೆ. ಅಂದರೆ ಹದಿನೇಳಕ್ಕೆ ಲೇಸಿಕ್ ಮಾಡಿಸಿಕೊಂಡ ಮಗು ಚಷ್ಮಾ ಕಳೆದುಕೊಳ್ಳುವುದರ ಜೊತೆಗೆ ಅವಕಾಶವನ್ನೂ ಕಳೆದುಕೊಳ್ಳುತ್ತದೆ. ಹಚ್ಚೆಯ ವಿಷಯವೂ ಹೀಗೇ. ಮೊಣಕೈ ಒಳಭಾಗದಿಂದ ಮಣಿಕಟ್ಟಿನವರೆಗೆ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಶಾಶ್ವತ ಹಚ್ಚೆಗೆ ಅವಕಾಶ, ಕೆಲವು ಬುಡಕಟ್ಟುಗಳಿಗೆ ವಿನಾಯಿತಿ ಇದೆ. ಗೋವಾ ಪ್ರವಾಸದಲ್ಲಿ ಗೆಳೆಯರ ಜೊತೆ ಭುಜಕ್ಕೆ ಹಾಕಿಸಿಕೊಂಡು ಬಂದವನನ್ನು ನೋಡಿ ನಾನು ಬಹಳ ಸಂಕಟಪಟ್ಟಿದ್ದೇನೆ.

ಎರಡನೇ ಹೆಜ್ಜೆ: ಆರು ತಿಂಗಳ ಅಭ್ಯಾಸ

ತಪಾಸಣೆ ಆಯಿತು, ಈಗ ಬೂಟು ಕಟ್ಟಿ. ಬೂಟು ದುಬಾರಿಯದಾಗಬೇಕಿಲ್ಲ, ಅಟ್ಟೆ ಸವೆದಿರಬಾರದು ಅಷ್ಟೇ.

ಮೊದಲ ಆರು ವಾರ ವೇಗದ ಮಾತೇ ಬೇಡ. ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ: ಎರಡು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ. ಪ್ರತಿ ವಾರ ಓಟ ಒಂದು ನಿಮಿಷ ಹೆಚ್ಚಲಿ. ಓಡುತ್ತಲೇ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಹೆಚ್ಚಾಯಿತು. ಆಗಲೇ ಹೇಳಿದ ಸಿಂದಗಿ ಹುಡುಗ ಮೊದಲು ಸೇರಿದ್ದ ಒಂದು ಕ್ಲಾಸಿನಲ್ಲಿ ಮೊದಲ ದಿನದಿಂದಲೇ ಡಾಂಬರು ರಸ್ತೆಯಲ್ಲಿ ಐದು ಕಿಲೋಮೀಟರ್ ಓಡಿಸುತ್ತಿದ್ದರಂತೆ. ಮೂರನೇ ವಾರಕ್ಕೆ ಮೊಣಕಾಲ ಕೆಳಗಿನ ಎಲುಬಿನ ಮುಂಬದಿ ಮುಟ್ಟಿದರೆ ಚೀರುವಷ್ಟು ನೋವು. ಎಲುಬಿನ ಒಂದೇ ಬಿಂದುವಿನಲ್ಲಿ ನೋವಿದ್ದರೆ ಅಲ್ಲಿ ಸಣ್ಣ ಬಿರುಕು ಇರಬಹುದು. ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು, ಹಲ್ಲು ಕಚ್ಚಿ ಓಡುವುದು ಶೌರ್ಯವಲ್ಲ.

ಮಣ್ಣಿನ ದಾರಿ ಹುಡುಕಿ. ಪುಣೆಯವರಿಗೆ ವೇತಾಳ ಟೇಕಡಿ, ತಳಜಾಯಿ ಟೇಕಡಿ ಎಂಬ ಗುಡ್ಡಗಳಿವೆ. ಪರ್ವತಿ ಗುಡ್ಡದ 103 ಮೆಟ್ಟಿಲು ಕಾಲಿನ ಬಲಕ್ಕೆ ಚಿನ್ನದಂಥ ಜಾಗ: ಹತ್ತುವಾಗ ಓಟ, ಇಳಿಯುವಾಗ ನಡಿಗೆ. ಇಳಿಯುವಾಗ ಓಡಿದರೆ ಮೊಣಕಾಲು ಹಾಳು. ಮುಂಬಯಿಯವರು ಶಿವಾಜಿ ಪಾರ್ಕಿನ ಮಣ್ಣಲ್ಲಿ ಓಡಲಿ. ಗೋವಾದವರು ನೀರಿನಂಚಿನ ಗಟ್ಟಿ ಮರಳಲ್ಲಿ ಓಡಬಹುದು, ಆದರೆ ಅಲ್ಲಿ ನೆಲ ಒಂದು ಕಡೆಗೆ ವಾಲಿರುತ್ತದೆ, ಹೋದಷ್ಟೇ ದೂರ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಮಳೆಗಾಲದಲ್ಲಿ ಟೇಕಡಿ ಜಾರುತ್ತದೆ. ಆ ನಾಲ್ಕು ತಿಂಗಳು ಅಪಾರ್ಟ್‌ಮೆಂಟಿನ ಮೆಟ್ಟಿಲು ಮತ್ತು ಸ್ಕಿಪ್ಪಿಂಗ್ ಹಗ್ಗ ಸಾಕು.

ಏಳನೇ ವಾರದಿಂದ ವೇಗ ಸೇರಿಸಿ. ವಾರಕ್ಕೆ ಒಂದು ದಿನ 400 ಮೀಟರಿನ ಆರು ಸುತ್ತು, ಪ್ರತಿ ಸುತ್ತಿನ ನಂತರ ಒಂದೂವರೆ ನಿಮಿಷ ನಡಿಗೆ. ಸುತ್ತಿಗೆ 2 ನಿಮಿಷ 20 ಸೆಕೆಂಡಿನಿಂದ ಶುರುಮಾಡಿ, ಎರಡು ವಾರಕ್ಕೊಮ್ಮೆ ಐದು ಸೆಕೆಂಡ್ ಇಳಿಸಿ. ಇನ್ನೊಂದು ದಿನ 40 ನಿಮಿಷದ ನಿಧಾನ ಓಟ, ಮತ್ತೊಂದು ದಿನ ಮೆಟ್ಟಿಲು ಅಥವಾ ಏರು. ತಿಂಗಳಿಗೊಮ್ಮೆ ಮಾತ್ರ 2.4 ಕಿಲೋಮೀಟರ್ ಸಮಯ ಹಿಡಿದು ಓಡಿ, ಪುಸ್ತಕದಲ್ಲಿ ಬರೆದಿಡಿ. ದಿನಾ ಅಳೆಯುವವರು ದಿನಾ ನಿರಾಶರಾಗುತ್ತಾರೆ.

ತಿಂಗಳಿಗೆ ಒಂದು ಭಾನುವಾರ ಆತಕರವಾಡಿ ಕಡೆಯಿಂದ ಸಿಂಹಗಡ ಕೋಟೆ ಹತ್ತಿ. ಬೆನ್ನಿಗೆ ಚೀಲ, ಅದರಲ್ಲಿ ನೀರು. ಮೇಲೆ ಸಿಗುವ ಪಿಠಲೆ ಭಾಕ್ರಿ, ಮಡಕೆ ಮೊಸರು ನಮ್ಮ ಜೋಳದ ರೊಟ್ಟಿಯ ನಾಡಿನ ಮಕ್ಕಳಿಗೆ ಮನೆಯ ಊಟದಂತೆಯೇ ಇರುತ್ತದೆ.

ಇನ್ನು ತೋಳಿನ ಬಲ. ನಮ್ಮ ಗರಡಿಮನೆಯ ದಂಡ ಮತ್ತು ಬಸ್ಕಿಗಿಂತ ಒಳ್ಳೆಯ ಬುನಾದಿ ನನಗೆ ಗೊತ್ತಿಲ್ಲ. ಪುಷ್‌ಅಪ್ ಬಾರದವರು ಕಟ್ಟೆಯ ಮೇಲೆ ಕೈಯೂರಿ ಶುರುಮಾಡಿ, ವಾರ ಕಳೆದಂತೆ ಕೈ ಇಡುವ ಜಾಗ ಕೆಳಗಿಳಿಯಲಿ. ಒಂದೇ ಸಲಕ್ಕೆ ಹತ್ತು ಬರುವುದಾದರೆ ದಿನಕ್ಕೆ ನಾಲ್ಕು ಹೊತ್ತು ಐದೈದು ಮಾಡಿ: ಎದ್ದ ಕೂಡಲೇ, ಕಾಲೇಜಿನಿಂದ ಬಂದ ಮೇಲೆ, ಓದಿನ ನಡುವೆ, ಊಟಕ್ಕೆ ಮೊದಲು. ಸುಸ್ತಾಗುವವರೆಗೆ ಎಳೆಯಬೇಡಿ. ಹೀಗೆ ಮಾಡಿದವರ ಎಣಿಕೆ ಎರಡು ತಿಂಗಳಲ್ಲಿ ದುಪ್ಪಟ್ಟಾದದ್ದು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಚಿನ್‌ಅಪ್‌ನಲ್ಲಿ ಬಹಳ ಮಂದಿ ಸೋಲುವುದು ಕಂಬಿಗೆ ಜೋತು ಬಿದ್ದು ಒದ್ದಾಡುವುದರಿಂದ. ಮೊದಲ ಎರಡು ವಾರ ಬರೀ ನೇತಾಡಿ, ಮೂವತ್ತು ಸೆಕೆಂಡಿನಿಂದ ಒಂದು ನಿಮಿಷದವರೆಗೆ. ಆಮೇಲೆ ಸ್ಟೂಲ್ ಇಟ್ಟು ಗದ್ದ ಕಂಬಿಯ ಮೇಲೆ ಬರುವಂತೆ ನಿಂತು, ಕಾಲು ಮಡಚಿ, ಐದು ಎಣಿಸುತ್ತ ನಿಧಾನ ಇಳಿಯಿರಿ. ದಿನಕ್ಕೆ ಐದು ಸಲ, ದಿನ ಬಿಟ್ಟು ದಿನ. ನಮ್ಮ ಗುಂಪಿನ ಒಬ್ಬ ಹುಡುಗಿ ಒಂಬತ್ತು ವಾರ ಇದನ್ನೇ ಮಾಡಿದಳು. ಹತ್ತನೇ ವಾರದ ಒಂದು ಬೆಳಗ್ಗೆ ಸ್ಟೂಲ್ ಒದ್ದು ಪಕ್ಕಕ್ಕೆ ಸರಿಸಿ, ಕೈಯ ಗಂಟುಗಳು ಬಿಳುಪೇರುವಂತೆ ಕಂಬಿ ಹಿಡಿದು, ಮೊಣಕೈ ನಡುಗುತ್ತ ನಡುಗುತ್ತ ಗದ್ದ ಮೇಲೆ ತಂದಳು. "ಬಂತು ಕಾಕಾ!" ಅಂದಳು, ಮೇಲಿಂದಲೇ. ಅಂಗೈಯಲ್ಲಿ ಎರಡು ಬೊಬ್ಬೆ ಒಡೆದಿದ್ದವು.

ಈಜು ಕಲಿಯಿರಿ, ತರಬೇತಿಯಲ್ಲಿ ಅದು ಇದ್ದೇ ಇದೆ. ನೀರಿಗೆ ಹೆದರುವವರು ಅಲ್ಲಿ ಹೋಗಿ ಕಲಿಯುತ್ತೇನೆ ಎಂದುಕೊಂಡರೆ ಮೊದಲ ತಿಂಗಳು ನರಳುತ್ತಾರೆ. ಮಹಾನಗರ ಪಾಲಿಕೆಯ ಕೊಳಗಳಲ್ಲಿ ತರಬೇತುದಾರರ ಎದುರು ಕಲಿಯಿರಿ. ಖಡಕವಾಸ್ಲಾ ಜಲಾಶಯಕ್ಕೆ ಇಳಿಯಲೇಬೇಡಿ, ಅಲ್ಲಿ ಮುಳುಗಿ ಸತ್ತ ಮಕ್ಕಳ ಸುದ್ದಿ ಓದಿ ಓದಿ ಜೀವ ಸೋತಿದೆ.

ಊಟದಲ್ಲಿ ಹೊಸದೇನೂ ಬೇಡ. ರೊಟ್ಟಿ, ಬೇಳೆ, ಮೊಳಕೆ ಹುರುಳಿ, ಶೇಂಗಾ ಚಟ್ನಿ, ಮೊಸರು, ತಿನ್ನುವವರಿಗೆ ಮೊಟ್ಟೆ. ಪ್ರೊಟೀನ್ ಪುಡಿಯ ಡಬ್ಬಿಗೆ ಸಾಲ ಮಾಡಬೇಡಿ. ಹೆಣ್ಣುಮಕ್ಕಳು ರಕ್ತದ ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ, ಎಷ್ಟು ಓಡಿದರೂ ದಮ್ಮು ಬರದಿದ್ದರೆ ಕಾರಣ ಅಲ್ಲಿರಬಹುದು. ರಾತ್ರಿ ಎಂಟು ಗಂಟೆ ನಿದ್ದೆ. ಮೊಬೈಲ್ ಬೇರೆ ಕೋಣೆಯಲ್ಲಿ.

ಮೂರನೇ ಹೆಜ್ಜೆ: ಎಸ್‌ಎಸ್‌ಬಿ ಮೈದಾನ

ಐದು ದಿನದ ಎಸ್‌ಎಸ್‌ಬಿಯಲ್ಲಿ ಮೈಗೆ ನೇರ ಕೆಲಸ ಕೊಡುವುದು ಮುಖ್ಯವಾಗಿ ವೈಯಕ್ತಿಕ ಅಡೆತಡೆ. ಹತ್ತು ಅಡೆತಡೆ, ಮೂರು ನಿಮಿಷ, ಒಂದರಿಂದ ಹತ್ತರವರೆಗೆ ಅಂಕ, ಒಟ್ಟು 55. ಹೆಚ್ಚು ಅಂಕದ್ದು ಹೆಚ್ಚು ಕಷ್ಟ. ಹಗ್ಗ ಹಿಡಿದು ತೂಗುವುದು, ಎತ್ತರದ ಹಲಗೆಯ ಮೇಲೆ ನಡೆಯುವುದು, ಹಾರಿ ಹಗ್ಗ ಹಿಡಿಯುವುದು, ಜೋಡಿ ಗುಂಡಿ ಜಿಗಿಯುವುದು ಹೀಗೆ. ಇದಕ್ಕೆ ಮೂರು ಸಂಗತಿ ಅಭ್ಯಾಸ ಮಾಡಿಕೊಳ್ಳಿ: ನಾಲ್ಕೈದು ಅಡಿ ಎತ್ತರದಿಂದ ಮೊಣಕಾಲು ಬಾಗಿಸಿ ಮೆತ್ತಗೆ ಇಳಿಯುವುದು, ಹಗ್ಗವನ್ನು ಎರಡೂ ಪಾದದ ನಡುವೆ ಸಿಕ್ಕಿಸಿ ಲಾಕ್ ಮಾಡಿ ಹತ್ತುವುದು, ಕಿರಿದಾದ ಕಟ್ಟೆಯ ಮೇಲೆ ಕೆಳಗೆ ನೋಡದೆ ನಡೆಯುವುದು. ಹಗ್ಗದಿಂದ ಇಳಿಯುವಾಗ ಜಾರಬೇಡಿ, ಅಂಗೈ ಸುಡುತ್ತದೆ. ಕೈ ಮೇಲೆ ಕೈ ಬದಲಿಸಿ ಇಳಿಯಿರಿ.

ಬೆಂಗಳೂರಿಗೆ ಕರೆ ಬಂದರೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಒಂದು ದಿನ ಮೊದಲೇ ತಲುಪಿ, ರಾತ್ರಿಯಿಡೀ ಕುಳಿತು ಬಂದ ಮೈ ಬೆಳಗ್ಗೆ ಮೈದಾನದಲ್ಲಿ ಜಿಗಿಯುವುದಿಲ್ಲ.

ನಾಲ್ಕನೇ ಹೆಜ್ಜೆ: ವೈದ್ಯಕೀಯ ಮಂಡಳಿ

ಶಿಫಾರಸಾದ ಮೇಲೆ ಸೇನಾ ಆಸ್ಪತ್ರೆಯಲ್ಲಿ ಹಲವು ದಿನದ ಪರೀಕ್ಷೆ ಇರುತ್ತದೆ. ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ಹೊಟ್ಟೆಯ ಅಲ್ಟ್ರಾಸೌಂಡ್, ಪ್ರತಿ ವಿಭಾಗದ ತಜ್ಞರು. ಅದಕ್ಕೆ ಎರಡು ದಿನ ಮೊದಲು ಜೋರು ವ್ಯಾಯಾಮ ನಿಲ್ಲಿಸಿ, ಕಠಿಣ ಓಟದ ನಂತರ ಮೂತ್ರದಲ್ಲಿ ಪ್ರೊಟೀನ್ ಕಾಣಿಸಿಕೊಳ್ಳುವುದುಂಟು. ತೂಕ ಇಳಿಸಲು ನೀರು ಬಿಡಬೇಡಿ. ಮುಟ್ಟಿನ ದಿನಗಳಾದರೆ ಹುಡುಗಿಯರು ಪರೀಕ್ಷಕರಿಗೆ ಮೊದಲೇ ಹೇಳಿ. ಹಿಂದಿನ ಕಾಯಿಲೆ, ಆಪರೇಶನ್ ಯಾವುದನ್ನೂ ಮುಚ್ಚಿಡಬೇಡಿ.

ಅನರ್ಹ ಎಂದರೆ ಅಲ್ಲಿಗೆ ಮುಗಿಯಿತು ಎಂದು ಅಳುತ್ತ ಬಂದುಬಿಡಬೇಡಿ. ಯಾವ ಕಾರಣಕ್ಕೆ ಎಂದು ಬರೆದು ತಿಳಿಸುತ್ತಾರೆ. ಮೇಲ್ಮನವಿ ವೈದ್ಯಕೀಯ ಮಂಡಳಿಗೆ 42 ದಿನದೊಳಗೆ ಹಾಜರಾಗಬಹುದು, ಹೇಗೆ ಎಂದು ಮಂಡಳಿಯ ಅಧ್ಯಕ್ಷರೇ ಹೇಳುತ್ತಾರೆ. ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ, ಆಸ್ಪತ್ರೆಯ ಹೆಸರು ಮತ್ತು ಕೊನೆಯ ದಿನಾಂಕ ಸಮೇತ. ಆ 42 ದಿನದಲ್ಲಿ ತೂಕ, ಕಿವಿಯ ಗುಗ್ಗೆ, ಹಲ್ಲು ಇಂಥವನ್ನು ಸರಿಮಾಡಿಕೊಂಡು ಹೋಗಿ ಪಾಸಾದವರು ನಮ್ಮ ಓಣಿಯಲ್ಲೇ ಇದ್ದಾರೆ.

ಅರ್ಹತೆ ಸಿಕ್ಕ ದಿನದಿಂದ ಕರೆಪತ್ರ ಬರುವವರೆಗೆ ತಿಂಗಳುಗಳು ಹಿಡಿಯಬಹುದು. ಆ ಅವಧಿಯಲ್ಲಿ ವಾರಕ್ಕೆ ನಾಲ್ಕು ದಿನದ ಓಟ ಬಿಡಬೇಡಿ. ಹೊಸ ಬೂಟು ಕೊಳ್ಳುವುದಿದ್ದರೆ ಹೊರಡಲು ಒಂದು ತಿಂಗಳು ಮೊದಲೇ ಕೊಂಡು, ಟೇಕಡಿಯ ಮಣ್ಣಲ್ಲಿ ಪಳಗಿಸಿ ಕಾಲಿಗೆ ಒಗ್ಗಿಸಿಕೊಳ್ಳಿ.